ಪ್ರಥಮ ಚಿಕಿತ್ಸೆಯ ಆನ್‌ಲೈನ್ ಸಿಪಿಡಿ: ಬರೀ ಗಂಟೆ ತುಂಬಿಸದೆ ಕಲಿಯುವುದು ಹೇಗೆ

ಪ್ರಥಮ ಚಿಕಿತ್ಸಕರಿಗೂ ಆಂಬುಲೆನ್ಸ್ ಸಿಬ್ಬಂದಿಗೂ ಪ್ರಮಾಣಪತ್ರ ನವೀಕರಿಸುವ ಹೊತ್ತಿಗೆ ಸಿಪಿಡಿ ಲೆಕ್ಕ ನೆನಪಾಗುತ್ತದೆ. ಸಿಪಿಡಿ ಎಂದರೆ ಕೆಲಸಕ್ಕೆ ಸೇರಿದ ಮೇಲೂ ಮುಂದುವರಿಯುವ ಕಲಿಕೆ. ಆನ್‌ಲೈನಿನಲ್ಲಾದರೆ ರಾತ್ರಿ ಪಾಳಿ ಮುಗಿಸಿ ಬಂದವರೂ ತಮ್ಮ ಪುರುಸೊತ್ತಿಗೆ ತಕ್ಕಂತೆ ಮಾಡಬಹುದು. ಆದರೆ ಪರದೆ ನೋಡುವುದು ಕಣ್ಣು, ಕೆಲಸ ಮಾಡಬೇಕಾದದ್ದು ಕೈ. ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವುದು) ಕೌಶಲ ತರಬೇತಿಯಾದ 3ರಿಂದ 6 ತಿಂಗಳೊಳಗೇ ಸಡಿಲವಾಗತೊಡಗುತ್ತದೆ. ಪ್ರಮಾಣಪತ್ರವೇನೋ ಹೆಚ್ಚಿನ ಕಡೆ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ನಡುವೆ ಉಳಿಯುವ ಆ ಹೊಂಡಕ್ಕೆ ಮಣ್ಣು ಹಾಕುವುದೇ ಸಿಪಿಡಿಯ ಕೆಲಸ.

ಖಾಲಿ ಹಾಳೆಯಿಂದ ಶುರು ಮಾಡಿ

ಕೋರ್ಸ್ ಹುಡುಕುವ ಮುಂಚೆ ಒಂದು ಖಾಲಿ ಹಾಳೆ ತೆಗೆದುಕೊಂಡು, ಏನನ್ನೂ ನೋಡದೆ ಬರೆಯಿರಿ. ಎಚ್ಚರವಿರುವ ಮಧುಮೇಹಿಯ ಸಕ್ಕರೆ ಇಳಿದರೆ ಬಾಯಿಗೆ ಎಷ್ಟು ಗ್ಲೂಕೋಸ್? ಸುಟ್ಟ ಗಾಯಕ್ಕೆ ಎಷ್ಟು ಹೊತ್ತು ನೀರು? ತೀವ್ರ ಅಲರ್ಜಿಯಾದ ವಯಸ್ಕರಿಗೆ ಅಡ್ರಿನಲಿನ್ ಎಷ್ಟು, ಎಲ್ಲಿಗೆ, ಮತ್ತೆ ಯಾವಾಗ? (15ರಿಂದ 20 ಗ್ರಾಂ ಗ್ಲೂಕೋಸ್, ಹರಿಯುವ ತಣ್ಣೀರು 20 ನಿಮಿಷ, ಐಸ್ ಬೇಡ, 0.5 ಮಿಲಿಗ್ರಾಂ ಅಡ್ರಿನಲಿನ್ ತೊಡೆಯ ಹೊರಭಾಗದ ಸ್ನಾಯುವಿಗೆ, ಸುಧಾರಿಸದಿದ್ದರೆ 5 ನಿಮಿಷದ ನಂತರ ಮತ್ತೊಮ್ಮೆ.) ಬರೆದದ್ದನ್ನು ನಿಮ್ಮ ಸಂಸ್ಥೆಯ ಪ್ರೋಟೋಕಾಲ್ ಜೊತೆ ತಾಳೆ ಹಾಕಿ. ಪೆನ್ನು ಎಲ್ಲೆಲ್ಲಿ ತಡವರಿಸಿತೋ ಅಲ್ಲಿಂದಲೇ ಈ ಸಲದ ಕಲಿಕೆ ಶುರು.

ಈ ಹಾಳೆ ಇಲ್ಲದಿದ್ದರೆ ಮನಸ್ಸು ಇಷ್ಟದ ವಿಷಯಕ್ಕೇ ಓಡುತ್ತದೆ. ಅಪಘಾತ, ರಕ್ತಸ್ರಾವದ ಕೋರ್ಸ್‌ಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಬಿದ್ದ ವೃದ್ಧರು, ಪಾರ್ಶ್ವವಾಯು, ಉಸಿರಾಟದ ತೊಂದರೆಯನ್ನು ಕೇಳುವವರಿಲ್ಲ, ದಿನನಿತ್ಯ ಎದುರಾಗುವುದು ಮಾತ್ರ ಇವೇ.

ಕೋರ್ಸ್ ಹಳೆಯದೋ ಹೊಸದೋ

ಕೋರ್ಸ್ ಪುಟದಲ್ಲಿ ನಾಲ್ಕು ಸಂಗತಿ ಹುಡುಕಿ: ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕ, ಯಾವ ವರ್ಷದ ಮಾರ್ಗಸೂಚಿ, ಬರೆದವರ ಅರ್ಹತೆ, ಯಾರ ಮಾನ್ಯತೆ. ಕೊನೆಯದರಲ್ಲಿ ಮೋಸ ಹೋಗುವವರು ಹೆಚ್ಚು. 'ಸಿಪಿಡಿ ಮಾನ್ಯತೆ ಪಡೆದಿದೆ' ಎಂಬ ಮುದ್ರೆ ಇದ್ದಮಾತ್ರಕ್ಕೆ ನಿಮ್ಮ ನೋಂದಣಿ ಸಂಸ್ಥೆ ಆ ಗಂಟೆಗಳನ್ನು ಒಪ್ಪುತ್ತದೆ ಎಂದಲ್ಲ. ದುಡ್ಡು ಕಟ್ಟುವ ಮುಂಚೆ ಅಲ್ಲೇ ಕೇಳಿಕೊಳ್ಳಿ.

ಹೃದಯ ಪುನಶ್ಚೇತನದ ಮುಖ್ಯ ಮಾರ್ಗಸೂಚಿಗಳು ಸುಮಾರು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ: 2010, 2015, 2020, ಮತ್ತೆ ಈಚೆಗೆ 2025. ದಿನಾಂಕ ಎಲ್ಲೂ ಕಾಣದಿದ್ದರೆ ಗಂಟಲಿಗೆ ಸಿಕ್ಕಿಕೊಂಡಾಗಿನ ಪಾಠ ತೆರೆದು ನೋಡಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರಲ್ಲಿ ವಯಸ್ಕರಿಗೂ ಮೊದಲು ಬೆನ್ನಿಗೆ 5 ಹೊಡೆತ, ಆಮೇಲೆ ಹೊಟ್ಟೆಗೆ 5 ಒತ್ತು ಎಂದು ಬದಲಿಸಿದೆ. ಆ ಸಂಸ್ಥೆಯ ಹೆಸರು ಹೇಳಿಕೊಂಡೂ ನೇರ ಹೊಟ್ಟೆ ಒತ್ತುವುದನ್ನೇ ತೋರಿಸುತ್ತಿದ್ದರೆ ಪಾಠ ಹಳೆಯದು.

ನಿಮಗೆ ಅನುಮತಿ ಇರುವ ಕೆಲಸದ ಗಡಿಯನ್ನೂ ಮರೆಯಬೇಡಿ. ಸುಧಾರಿತ ಶ್ವಾಸಮಾರ್ಗ ಸಾಧನದ ವಿಡಿಯೋ ನೋಡಿದರೆ ಜೊತೆಗಿರುವ ಪ್ಯಾರಾಮೆಡಿಕ್ ಕೇಳಿದ್ದನ್ನು ಸರಿಯಾಗಿ ಎತ್ತಿಕೊಡಲು ಬರುತ್ತದೆ, ಹಾಕುವ ಅಧಿಕಾರ ಬರುವುದಿಲ್ಲ.

ವಿಡಿಯೋ ನಿಲ್ಲಿಸಿ, ಕೈ ಆಡಿಸಿ

ಒಂದೇ ಪಟ್ಟಿಗೆ ಎರಡು ಗಂಟೆ ಕೂರಬೇಡಿ. 20–25 ನಿಮಿಷದ ತುಂಡು ಮಾಡಿಕೊಂಡು, ಪ್ರತಿ ಹಂತ ಮುಗಿದಾಗ ವಿಡಿಯೋ ನಿಲ್ಲಿಸಿ ಅದನ್ನೇ ಮಾಡಿ ನೋಡಿ.

ಸಿಪಿಆರ್‌ನಲ್ಲಿ ವೇಗವನ್ನು ಮನೆಯಲ್ಲೇ ಅಳೆಯಬಹುದು. ನಿಮಿಷಕ್ಕೆ 100ರಿಂದ 120 ಒತ್ತು ಎಂದರೆ 30 ಒತ್ತು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು. ಸ್ಟಾಪ್‌ವಾಚ್ ಒತ್ತಿ ಎಣಿಸಿ. 13ಕ್ಕೇ ಮುಗಿದರೆ ಗಾಬರಿಯ ವೇಗ. ಅಷ್ಟು ಬೇಗ ಒತ್ತುವವರು ಆಳಕ್ಕೂ ಹೋಗುವುದಿಲ್ಲ, ಎದೆ ಪೂರ್ತಿ ಮೇಲೇಳಲೂ ಬಿಡುವುದಿಲ್ಲ. ಎದೆ ಮೇಲೇಳದಿದ್ದರೆ ಹೃದಯಕ್ಕೆ ರಕ್ತ ವಾಪಸ್ಸು ತುಂಬಿಕೊಳ್ಳುವುದಿಲ್ಲ, ಮುಂದಿನ ಒತ್ತಿಗೆ ಹೊರದಬ್ಬಲು ಏನೂ ಇರುವುದಿಲ್ಲ. ತಾಳ ಹಾಕುವ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 110ಕ್ಕೆ ಇಟ್ಟುಕೊಂಡು ಮತ್ತೆ ಮಾಡಿ. ಫೋನನ್ನು ಪಕ್ಕದಲ್ಲಿ, ನೆಲದ ಮಟ್ಟದಲ್ಲಿ ನಿಲ್ಲಿಸಿ ಚಿತ್ರೀಕರಿಸಿ: ಮೊಣಕೈ ಬಗ್ಗುತ್ತಿದೆಯೇ, ಭುಜ ಅಂಗೈಯ ನೇರಕ್ಕಿದೆಯೇ, ಒತ್ತಿನ ನಡುವೆ ಎದೆಯ ಮೇಲೇ ಒರಗಿಕೊಂಡಿದ್ದೀರೇ ಎಂಬುದು ತಾನೇ ಕಾಣುತ್ತದೆ.

ಗಟ್ಟಿ ದಿಂಬು ವೇಗ, ಭಂಗಿಗೆ ಸಾಕು. ವಯಸ್ಕರ ಎದೆಗೆ ಬೇಕಾದ 5ರಿಂದ 6 ಸೆಂಟಿಮೀಟರ್ ಆಳವನ್ನು ದಿಂಬು ಕಲಿಸಲಾರದು. ಅದಕ್ಕೆ ಆಳ ತೋರಿಸುವ ಮ್ಯಾನಿಕಿನ್ ಬೊಂಬೆಯೇ ಬೇಕು, ಮೂರು ತಿಂಗಳಿಗೊಮ್ಮೆಯಾದರೂ. ಬದುಕಿರುವ ಮನುಷ್ಯರ ಎದೆ ಮೇಲೆ ಅಭ್ಯಾಸ ಖಂಡಿತ ಬೇಡ.

ಬ್ಯಾಗ್-ಮಾಸ್ಕ್ (ಚೀಲ ಹಿಂಡಿ ಮುಖವಾಡದ ಮೂಲಕ ಉಸಿರು ಕೊಡುವ ಸಾಧನ) ಅಭ್ಯಾಸದಲ್ಲಿ ತಪ್ಪಾಗುವುದು ಹಿಂಡುವುದರಲ್ಲಿ. ಒಂದು ಉಸಿರಿಗೆ ಒಂದು ಸೆಕೆಂಡ್, ಎದೆ ಏಳುವುದು ಕಂಡ ಕೂಡಲೇ ಕೈ ಬಿಡಿ. ಹೆಚ್ಚು ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ.

ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಸುತ್ತಿ, ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ) ಗಾಯಕ್ಕಿಂತ 5–7 ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು. ಕಡ್ಡಿ ತಿರುಗಿಸುವ ಮುಂಚೆಯೇ ಪಟ್ಟಿಯನ್ನು ಆದಷ್ಟೂ ಬಿಗಿ ಎಳೆದಿರಬೇಕು. ಪಟ್ಟಿ ಜೋಲಾಗಿದ್ದರೆ ಕಡ್ಡಿ ಎಷ್ಟು ಸುತ್ತು ತಿರುಗಿಸಿದರೂ ಬಟ್ಟೆ ಮುದುಡುತ್ತದೆಯೇ ಹೊರತು ರಕ್ತ ನಿಲ್ಲುವುದಿಲ್ಲ. ಬಿಗಿದ ಸಮಯ ಬರೆಯುವುದೂ ಅಭ್ಯಾಸದಲ್ಲೇ ಬರಲಿ. ಅಭ್ಯಾಸದ ಟೂರ್ನಿಕೆಟ್ ಮೇಲೆ ದೊಡ್ಡದಾಗಿ 'ಅಭ್ಯಾಸ' ಎಂದು ಬರೆದು ಬೇರೆ ಚೀಲದಲ್ಲಿಡಿ. ಮತ್ತೆ ಮತ್ತೆ ತಿರುಗಿಸಿ ಸವೆದದ್ದು ಕಿಟ್‌ಗೆ ಸೇರಿದರೆ ನಿಜವಾದ ಕರೆಯಲ್ಲಿ ಕೈಕೊಡುತ್ತದೆ.

ಕೋರ್ಸಿನ ಕೊನೆಯ ಬಹು ಆಯ್ಕೆ ಪರೀಕ್ಷೆಯ ಅಂಕವನ್ನು ಬಹಳ ನಂಬಬೇಡಿ, ಅದು ಹತ್ತು ನಿಮಿಷದ ಹಿಂದೆ ಕೇಳಿದ್ದರ ನೆನಪು. ಅವೇ ಪ್ರಶ್ನೆಗಳನ್ನು ಆಯ್ಕೆಗಳಿಲ್ಲದೆ ಬರೆದಿಟ್ಟುಕೊಂಡು ಮರುದಿನ, ವಾರದ ನಂತರ, ತಿಂಗಳ ನಂತರ ಉತ್ತರಿಸಿ. ಫೋನಿನ ಕ್ಯಾಲೆಂಡರಿನಲ್ಲಿ ಮೂರು ಅಲಾರಂ ಇಟ್ಟರೆ ಮುಗಿಯಿತು.

ದಾಖಲೆ

ಕೋರ್ಸ್ ಮುಗಿದ ದಿನವೇ ಬರೆಯಿರಿ: ದಿನಾಂಕ, ವಿಷಯ, ನಡೆಸಿದವರು, ನಿಜವಾಗಿ ತಗುಲಿದ ಸಮಯ, ಯಾಕೆ ಆರಿಸಿಕೊಂಡಿರಿ, ಕೆಲಸದಲ್ಲಿ ಏನು ಬದಲಾಯಿತು. ಪ್ರಮಾಣಪತ್ರದಲ್ಲಿ 3 ಗಂಟೆ ಎಂದಿದ್ದು ನೀವು 70 ನಿಮಿಷದಲ್ಲಿ ಮುಗಿಸಿದ್ದರೆ ಎರಡನ್ನೂ ನಮೂದಿಸಿ.

'ಸಿಪಿಆರ್ ಬಗ್ಗೆ ಉಪಯುಕ್ತ ಮಾಹಿತಿ ದೊರೆಯಿತು' ಎಂಬ ಸಾಲು ಪರಿಶೀಲಕರಿಗೆ ಏನನ್ನೂ ಹೇಳುವುದಿಲ್ಲ. ಹೀಗೆ ಬರೆದರೆ ಹೇಳುತ್ತದೆ: '30 ಒತ್ತು 13 ಸೆಕೆಂಡಿಗೆ ಮುಗಿಯುತ್ತಿತ್ತು. ಮೆಟ್ರೊನೋಮ್ ಹಾಕಿ ವಾರಕ್ಕೆರಡು ಸಲ ಅಭ್ಯಾಸ ಮಾಡಿದ ಮೇಲೆ 17ಕ್ಕೆ ಬಂದಿದೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಿಸುವಾಗ ಈಗಲೂ 10 ಸೆಕೆಂಡ್ ಮೀರುತ್ತಿದೆ. ಮುಂದಿನ ತಂಡದ ಅಭ್ಯಾಸದಲ್ಲಿ ಅದನ್ನು ಸರಿಪಡಿಸಬೇಕು.'

ನಿಜವಾದ ಪ್ರಕರಣದ ಬಗ್ಗೆ ಬರೆಯುವಾಗ ರೋಗಿಯ ಹೆಸರು, ವಿಳಾಸ, ವಾಹನ ಸಂಖ್ಯೆ, ಫೋಟೋ ಯಾವುದೂ ಬೇಡ. '70 ದಾಟಿದ ಪುರುಷ, ಎದೆನೋವು' ಎಂದರೆ ಸಾಕು. ಚಿಕ್ಕ ಊರಾದರೆ ದಿನಾಂಕ ಮತ್ತು ಜಾಗ ಸೇರಿದರೂ ಗುರುತು ಸಿಕ್ಕಿಬಿಡುತ್ತದೆ, ತಿಂಗಳು ಮಾತ್ರ ಬರೆಯಿರಿ. ಪ್ರಮಾಣಪತ್ರದ ಲಿಂಕ್ ಉಳಿಸಿಕೊಂಡರೆ ಸಾಲದು. ತಾಣ ಮುಚ್ಚಿದರೆ, ಚಂದಾ ಮುಗಿದರೆ ಅದು ತೆರೆಯುವುದಿಲ್ಲ. ಪಿಡಿಎಫ್ ಇಳಿಸಿಕೊಂಡು, ಕಡತದ ಹೆಸರಿನ ಮೊದಲಿಗೆ ವರ್ಷ-ತಿಂಗಳು-ದಿನ ಹಾಕಿ, ಎರಡು ಕಡೆ ಇಡಿ.