ಬರಾಂಗಾಯ್ ಬಜೆಟ್‌ನಿಂದ ಶುರು ಮಾಡಿದೆವು

ಫಿಲಿಪೀನ್ಸ್‌ನಲ್ಲಿ ಹೆಂಗಸರು ಓಟು ಹಾಕಲ್ಲ ಅನ್ನುವ ಸಮಸ್ಯೆ ಇಲ್ಲ. ಮತದಾರರ ಪಟ್ಟಿಯಲ್ಲಿ ಗಂಡಸರಿಗಿಂತ ಅವರೇ ಜಾಸ್ತಿ. ಕೊರಾಜಾನ್ ಅಕಿನೊ, ಗ್ಲೋರಿಯಾ ಅರೋಯೊ ಅಂತ ಇಬ್ಬರು ಮಹಿಳಾ ಅಧ್ಯಕ್ಷರನ್ನೂ ಆ ದೇಶ ಕಂಡಿದೆ. ಇಬ್ಬರೂ ದೊಡ್ಡ ರಾಜಕೀಯ ಮನೆತನದವರು ಅನ್ನೋದು ಬೇರೆ ಮಾತು. ಬಟ್ಟೆ ಒಗೆದು, ಮೀನು ಮಾರಿ, ಸಾರಿ-ಸಾರಿ ಅನ್ನುವ ಚಿಲ್ಲರೆ ಅಂಗಡಿ ಇಟ್ಟುಕೊಂಡು ಸಂಸಾರ ತೂಗಿಸುವ ಹೆಂಗಸು ಯಾರಿಗೆ ಓಟು ಅಂತ ತಾನೇ ತೀರ್ಮಾನಿಸಬೇಕು, ಬೇಕಿದ್ದರೆ ತಾನೇ ನಿಲ್ಲಬೇಕು. ಕಷ್ಟ ಇರೋದು ಅಲ್ಲಿ. ಕ್ವೆಜಾನ್ ಸಿಟಿಯ ಒಂದು ಬಡ ಬಡಾವಣೆಯಲ್ಲಿ ನಾನು ಮಾಡಿದ್ದು ಇದೇ ಕೆಲಸ.

ಅದಕ್ಕೂ ಮೊದಲು ರಾಯಚೂರು ಕಡೆ ಗ್ರಾಮ ಪಂಚಾಯ್ತಿ ಸದಸ್ಯೆಯರಿಗೆ ತರಬೇತಿ ಕೊಡುತ್ತಿದ್ದೆ. ನಮ್ಮಲ್ಲಿ ಮೀಸಲಾತಿ ಇದೆ, ಸೀಟು ಮೊದಲು ಸಿಗುತ್ತದೆ, ಧೈರ್ಯ ಆಮೇಲೆ ಬರುತ್ತದೆ. ಅಲ್ಲಿ ಹಾಗಿಲ್ಲ. ಪಟ್ಟಣ, ನಗರ, ಪ್ರಾಂತಗಳ ಸಭೆಗಳಲ್ಲಿ ಮಹಿಳಾ ಪ್ರತಿನಿಧಿ ಇರಬೇಕು ಅಂತ 1991ರ ಸ್ಥಳೀಯ ಸರ್ಕಾರ ಕಾಯ್ದೆಯಲ್ಲೇ ಬರೆದಿದೆ. ಅವರನ್ನು ಆರಿಸೋದು ಹೇಗೆ ಅನ್ನುವ ಕಾನೂನನ್ನು ಮಾತ್ರ ಸಂಸತ್ತು ಮಾಡಲೇ ಇಲ್ಲ. ನಮ್ಮಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂದಾಗ ಅಲ್ಲಿ ನಾನು ತರಬೇತಿ ಕೊಡುತ್ತಿದ್ದ ಗುಂಪಿನ ಹೆಂಗಸರು ಕಣ್ಣರಳಿಸಿದರು. ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂರುವ ಕಥೆಯನ್ನೂ ಹೇಳಿದೆ. ಒಬ್ಬಾಕೆ ತಕ್ಷಣ, "ಆತೆ, ನಮ್ಮಲ್ಲೂ ಇದೆ ಬಿಡಿ. ಕ್ಯಾಪ್ಟನ್‌ಗೆ ಮೂರು ಅವಧಿ ಮುಗೀತು ಅಂದರೆ ಹೆಂಡತಿ ನಿಲ್ತಾಳೆ" ಅಂದಳು. ಅಕ್ಕನಿಗೆ ಅಲ್ಲಿ ಆತೆ ಅಂತಾರೆ, ಕ್ಯಾಪ್ಟನ್ ಅಂದರೆ ಬರಾಂಗಾಯ್ ಮುಖ್ಯಸ್ಥ.

ಹಕ್ಕು, ಪ್ರಜಾಪ್ರಭುತ್ವ ಅಂತ ಶುರು ಮಾಡಿದರೆ ಯಾರೂ ಬರಲ್ಲ ಅಂತ ರಾಯಚೂರಿನಲ್ಲೇ ಗೊತ್ತಾಗಿತ್ತು. ಹಾಗಾಗಿ ದುಡ್ಡಿನಿಂದ ಶುರು ಮಾಡಿದೆವು. 2009ರಲ್ಲಿ ಬಂದ ಮಹಿಳಾ ಮ್ಯಾಗ್ನಾ ಕಾರ್ಟಾ ಕಾನೂನಿನ ಪ್ರಕಾರ ಪ್ರತಿ ಬರಾಂಗಾಯ್, ಅಂದರೆ ಅಲ್ಲಿನ ಅತಿ ಚಿಕ್ಕ ಸ್ಥಳೀಯ ಸರ್ಕಾರ, ಬಜೆಟ್‌ನ ಕನಿಷ್ಠ ಶೇ. 5ರಷ್ಟನ್ನು ಮಹಿಳೆಯರ ಅಭಿವೃದ್ಧಿಗೆ, ಹೆಣ್ಣು-ಗಂಡಿನ ಸಮಾನತೆಗೆ ಇಡಬೇಕು. ಲೆಕ್ಕವನ್ನು ಕಚೇರಿ ಮುಂದಿನ ಫಲಕದಲ್ಲಿ ಅಂಟಿಸಬೇಕು. ಎಲ್ಲರೂ ಒಟ್ಟಿಗೆ ಹೋಗಿ ಆ ಫಲಕದ ಮುಂದೆ ನಿಂತೆವು. ಹೆಂಗಸರ ದುಡ್ಡು ಹೋಗಿದ್ದು ಇವಕ್ಕೆ: ಮಹಿಳಾ ತಿಂಗಳ ಆಚರಣೆ, ಜುಂಬಾ ಅನ್ನುವ ಕುಣಿತದ ವ್ಯಾಯಾಮ, ಟೀ-ಶರ್ಟು, ಊಟ. ಬಟ್ಟೆ ಒಗೆಯುವ ಕೆಲಸದ ಒಬ್ಬಾಕೆ ಬೆರಳಿಟ್ಟು ಓದುತ್ತಾ ಟೀ-ಶರ್ಟಿನ ಸಾಲಿಗೆ ಬಂದು ನಿಂತಳು. ಮೈಮೇಲಿದ್ದ ಅಂಗಿಯನ್ನು ಎಳೆದು ನೋಡಿಕೊಂಡಳು. ಬೆನ್ನ ಮೇಲೆ ಜನನಾಯಕರೊಬ್ಬರ ಹೆಸರು ದಪ್ಪ ಅಕ್ಷರದಲ್ಲಿತ್ತು. "ಇದು ನಮ್ಮದೇ ದುಡ್ಡಾ?" ಅಂತ ಕೇಳಿದಳು. ಇಡೀ ತರಬೇತಿಯಲ್ಲಿ ಅದಕ್ಕಿಂತ ಒಳ್ಳೆ ಪಾಠ ನಾನು ಮಾಡಲಿಲ್ಲ.

ಬರಾಂಗಾಯ್ ಸಭೆ ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ನಡೆಯುತ್ತದೆ. 15 ವರ್ಷ ತುಂಬಿದ ನಿವಾಸಿಗಳೆಲ್ಲ ಅದರ ಸದಸ್ಯರು. ಪ್ರಶ್ನೆ ಕೇಳೋದನ್ನು ಮೊದಲೇ ಅಭ್ಯಾಸ ಮಾಡಿಸಿದೆ. ಎದ್ದು ನಿಲ್ಲು, ಹೆಸರು ಹೇಳು, ಒಂದೇ ಪ್ರಶ್ನೆ ಕೇಳು, ಉತ್ತರ ಸಿಗೋವರೆಗೆ ಕೂರಬೇಡ. ರಾತ್ರಿ ಹೆರಿಗೆ ನೋವು ಬಂದರೆ ಬರಾಂಗಾಯ್ ಗಾಡಿ ಯಾಕೆ ಬರಲ್ಲ ಅನ್ನೋದು ಅವರ ಪ್ರಶ್ನೆ. ಡ್ರೈವರ್ ಇಲ್ಲ ಅನ್ನುವ ಉತ್ತರ ಬಂತು. ಹಾಗಾದರೆ ಜುಂಬಾ ಮಾಸ್ತರಿಗೆ ಸಂಬಳ ಎಲ್ಲಿಂದ ಬಂತು ಅಂತ ಹಿಂದಿನ ಸಾಲಿನಿಂದ ಇನ್ನೊಬ್ಬಳು ಕೇಳಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ!

ಇಷ್ಟಾದ ಮೇಲೆ ಚುನಾವಣೆ ವಿಷಯ ತಾನಾಗೇ ಬಂತು. ದೇಶದ ದೊಡ್ಡ ಚುನಾವಣೆಗಳು 2010ರಿಂದ ಯಂತ್ರದಲ್ಲಿ ನಡೆಯುತ್ತವೆ. 2023ರ ಅಕ್ಟೋಬರ್ 30ರ ಬರಾಂಗಾಯ್ ಚುನಾವಣೆಯಲ್ಲಿ ಮಾತ್ರ, ಪ್ರಯೋಗಕ್ಕೆ ಯಂತ್ರ ಇಟ್ಟ ಒಂದೆರಡು ಕಡೆ ಬಿಟ್ಟರೆ, ಎಲ್ಲೆಡೆ ಮತಪತ್ರದ ಮೇಲೆ ಹೆಸರನ್ನು ಕೈಯಲ್ಲೇ ಬರೆಯಬೇಕಿತ್ತು. ಕ್ಯಾಪ್ಟನ್‌ಗೆ ಒಂದು ಹೆಸರು, ಕಗವಾಡ್ ಅನ್ನುವ ಸದಸ್ಯರಿಗೆ ಏಳು. ಅಷ್ಟು ಹೆಸರು ಯಾರಿಗೆ ನೆನಪಿರುತ್ತೆ? ಅದಕ್ಕೆ ಕೊಡಿಗೊ ಅಂತ ಒಂದು ಚೀಟಿ ಒಯ್ಯುತ್ತಾರೆ. ಅಭ್ಯರ್ಥಿಗಳ ಕಡೆಯವರು ಅಚ್ಚು ಹಾಕಿಸಿದ ಚೀಟಿಯನ್ನೇ ಕೈಗೆ ಕೊಟ್ಟುಬಿಡುತ್ತಾರೆ, ಕೆಲವು ಸಲ ಒಳಗೆ ನೋಟನ್ನೂ ಮಡಚಿಟ್ಟು. ಹೆಂಗಸರು ಅದನ್ನು ಹಾಗೇ ನಕಲು ಮಾಡಿ ಬರುತ್ತಾರೆ.

ಕೊಡಿಗೊ ಬೇಡ ಅಂತ ನಾವು ಹೇಳಲಿಲ್ಲ. ಖಾಲಿ ಚೀಟಿ ಕೊಟ್ಟು, ನಿಮ್ಮ ಕೈಯಲ್ಲೇ ಬರೆಯಿರಿ ಅಂದೆವು. ಏಳೂ ಸಾಲು ತುಂಬಲೇಬೇಕು ಅಂತಿಲ್ಲ, ನಂಬಿಕೆ ಇರುವ ಮೂವರಿದ್ದರೆ ಮೂರೇ ಬರೆಯಿರಿ ಅಂತಲೂ ಹೇಳಿದೆವು. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು ಅಣಕು ಮತದಾನ ಮಾಡಿಸಿದೆವು. ಹಣ್ಣುಗಳ ಹೆಸರಿನ ಅಭ್ಯರ್ಥಿಗಳು. ಕಾಗುಣಿತ ತಪ್ಪಾದರೆ ಓಟು ಹೋಗುತ್ತೆ ಅನ್ನುವ ಭಯ ವಯಸ್ಸಾದವರಿಗೆ ಜಾಸ್ತಿ ಇತ್ತು. ಉಚ್ಚಾರಣೆ ಹೊಂದಿದರೆ ಓಟು ಎಣಿಸಲೇಬೇಕು ಅಂತ ಅಲ್ಲಿನ ಚುನಾವಣಾ ಕಾನೂನಿನಲ್ಲೇ ಇದೆ. ಅದನ್ನು ತೋರಿಸಿದ ಮೇಲೆ ಅಜ್ಜಿಯೊಬ್ಬರು ಅನಾನಸ್ಸಿಗೆ ಇಷ್ಟ ಬಂದ ಹಾಗೆ ಬರೆದು ಪೆಟ್ಟಿಗೆಗೆ ಹಾಕಿ ಬಂದರು.

"ನಾವು ಹೇಳಿದವರಿಗೆ ಓಟು ಹಾಕದಿದ್ದರೆ 4ಪಿಎಸ್ ಪಟ್ಟಿಯಿಂದ ಹೆಸರು ತೆಗೆಸ್ತೀವಿ" ಅನ್ನುವ ಬರಾಂಗಾಯ್‌ನವರ ಬೆದರಿಕೆ ಇನ್ನೊಂದು ತೊಡಕು. ಅದು ಬಡ ಕುಟುಂಬಗಳಿಗೆ ಸರ್ಕಾರ ನಗದು ಕೊಡುವ ಯೋಜನೆ, ದುಡ್ಡು ಸಾಮಾನ್ಯವಾಗಿ ತಾಯಿಯ ಕೈಗೆ ಬರುತ್ತದೆ. ಪಟ್ಟಿ ರಾಷ್ಟ್ರ ಮಟ್ಟದ ಸಮಾಜ ಕಲ್ಯಾಣ ಇಲಾಖೆಯದು, ಬರಾಂಗಾಯ್‌ನವರು ತಾವೇ ಹೆಸರು ಹೊಡೆದುಹಾಕೋಕೆ ಆಗಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಭಯ ಪೂರ್ತಿ ಹೋಗಲಿಲ್ಲ. ಮಕ್ಕಳ ಅನ್ನದ ಪ್ರಶ್ನೆ, ಹೆದರಿಕೆ ಇದ್ದೇ ಇರುತ್ತೆ ಅಲ್ವಾ?

ಆರೋಗ್ಯ ಕಾರ್ಯಕರ್ತೆಯಾಗಿದ್ದ ಒಬ್ಬಳು ಕಗವಾಡ್ ಸ್ಥಾನಕ್ಕೆ ನಿಲ್ಲುತ್ತೇನೆ ಅಂದಳು. ಖರ್ಚಿನ ಚಿಂತೆ. ಠೇವಣಿ ಇಲ್ಲ. ಒಬ್ಬ ಮತದಾರರಿಗೆ 5 ಪೆಸೊಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. 4,000 ಮತದಾರರಿದ್ದರೆ 20,000 ಪೆಸೊ, ಅಷ್ಟೇ. "ಎಲ್ಲರೂ ಇದನ್ನು ಪಾಲಿಸ್ತಾರಾ?" ಅಂದಳು. ಇಬ್ಬರೂ ನಕ್ಕೆವು. ಮನೆಯಲ್ಲಿ ಗಂಡ ಬೇಡ ಅನ್ನಲಿಲ್ಲ, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಯಾರು ಬಿಡ್ತಾರೆ ಅಂತ ಕೇಳಿದ. ಗುಂಪಿನವರು ಸರದಿ ಹಾಕಿಕೊಂಡರು.

ಅವಳು ನಾಮಪತ್ರ ಹಾಕಿದ ದಿನದಿಂದ ನಾನು ಹಿಂದೆ ಸರಿದೆ. ವಿದೇಶಿಯರು ಯಾವ ಅಭ್ಯರ್ಥಿ ಪರವೂ ಕೆಲಸ ಮಾಡುವಂತಿಲ್ಲ, ಅದು ಅಲ್ಲಿ ಅಪರಾಧ. ಅಕ್ಟೋಬರ್ 19ರಿಂದ 28ರವರೆಗೆ ಪ್ರಚಾರ ನಡೆಯಿತು. ಆ ಓಣಿಗಳ ಕಡೆ ನಾನು ತಲೆ ಹಾಕಲಿಲ್ಲ. ಫೋನಿನಲ್ಲೂ ಮಕ್ಕಳ ಜ್ವರದ ವಿಚಾರ ಮಾತ್ರ. ಈ ಕೆಲಸಕ್ಕೆ ಹೊರಗಿನಿಂದ ಹೋಗುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ನಿಮ್ಮೊಬ್ಬರ ಉತ್ಸಾಹದಿಂದ ಅವಳ ಮೇಲೆ ದೂರು ಬೀಳಬಹುದು.

ಅವಳು ಸೋತಳು. ಏಳನೇ ಸ್ಥಾನಕ್ಕಿಂತ ಸ್ವಲ್ಪ ಕೆಳಗೆ. ಸೋತವರೂ 30 ದಿನದೊಳಗೆ ಖರ್ಚಿನ ಲೆಕ್ಕವನ್ನು ಚುನಾವಣಾ ಆಯೋಗವಾದ ಕೊಮೆಲೆಕ್‌ಗೆ ಕೊಡಬೇಕು. ಕೊಡದಿದ್ದರೆ ದಂಡ, ಎರಡನೇ ಸಲವೂ ತಪ್ಪಿದರೆ ಮುಂದೆ ಯಾವ ಹುದ್ದೆಗೂ ಅನರ್ಹ. ಜೆರಾಕ್ಸ್ ಅಂಗಡಿ ರಸೀದಿಯಿಂದ ಹಿಡಿದು ಪಾನ್ಸಿತ್ ಶ್ಯಾವಿಗೆ ತಂದ ಚೀಟಿವರೆಗೆ ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಳು. ಗಡುವಿಗೆ ಮೊದಲೇ ಕೊಟ್ಟು ಬಂದಳು.

2025ರ ಡಿಸೆಂಬರ್‌ಗೆ ಮತ್ತೆ ನಿಲ್ಲುವ ತಯಾರಿ ಮಾಡಿಕೊಂಡಿದ್ದಳು. ಸರ್ಕಾರ ಆ ಚುನಾವಣೆಯನ್ನು 2026ರ ನವೆಂಬರ್‌ಗೆ ಮುಂದೂಡಿತು. ಬರಾಂಗಾಯ್ ಚುನಾವಣೆ ಮುಂದೂಡೋದು ಅಲ್ಲಿ ಹೊಸದಲ್ಲ, ಕುರ್ಚಿಯಲ್ಲಿ ಇರುವವರಿಗೆ ಅದರಿಂದ ಲಾಭ, ಹೊಸಬರಿಗೆ ಸುಮ್ನೆ ಸುಸ್ತು. ಅವಳಿಗೆ ಮಾತ್ರ ಮಾರ್ಚ್ ಸಭೆ ಒಂದು ಜಾಸ್ತಿ ಸಿಕ್ಕಿತು. ಗಾಡಿ ಡ್ರೈವರ್ ವಿಷಯವನ್ನು ಅಲ್ಲಿ ಮತ್ತೆ ಎತ್ತುತ್ತೇನೆ ಅಂದಿದ್ದಾಳೆ.