ಫಾರ್ಮ್ಯಾಟ್ ಆಗದ ಪೆನ್‌ಡ್ರೈವ್‌ಗೆ ಮದ್ದು

ಪೆನ್‌ಡ್ರೈವ್ ಸರಿಪಡಿಸಲು ಕುಳಿತು, ಪಕ್ಕದಲ್ಲೇ ಸಿಕ್ಕಿಸಿದ್ದ ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಒರೆಸಿ ಹಾಕಿದವರನ್ನು ಕಣ್ಣಾರೆ ಕಂಡಿದ್ದೇನೆ. ವಿಂಡೋಸ್ ಇರುವ ಡಿಸ್ಕನ್ನು ಅಳಿಸಲು ಕಂಪ್ಯೂಟರ್ ಒಪ್ಪುವುದಿಲ್ಲ. ಉಳಿದ ಡಿಸ್ಕುಗಳಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಬೇರೆ ಡ್ರೈವ್‌ಗಳನ್ನೆಲ್ಲ ಕಿತ್ತಿಟ್ಟೇ ಕೆಲಸ ಶುರು ಮಾಡಿ.

ಮೊದಲು ಪೋರ್ಟ್ ಬದಲಿಸಿ ನೋಡಿ, ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಬೇಡ. ಪೆನ್‌ಡ್ರೈವ್‌ನ ಬದಿಯಲ್ಲಿ ಪುಟ್ಟ ಲಾಕ್ ಗುಂಡಿ ಇದ್ದರೆ ಸರಿಸಿ. ಒಳಗಿನ ಕಡತಗಳು ಬೇಕಿದ್ದರೆ ಈಗಲೇ ನಕಲು ಮಾಡಿಕೊಳ್ಳಿ.

ಎಡವುವುದು ಮುಂದಿನ ಹಂತದಲ್ಲಿ. ಪೆನ್‌ಡ್ರೈವ್ ತೆಗೆದಿಟ್ಟು, ವಿಂಡೋಸ್‌ನಲ್ಲಿ ಆಜ್ಞೆ ಟೈಪಿಸುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಡಿಸ್ಕ್‌ಪಾರ್ಟ್' (diskpart), ಬಳಿಕ 'ಲಿಸ್ಟ್ ಡಿಸ್ಕ್' (list disk) ಎಂದು ಕೊಡಿ (ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು). ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಈಗ ಪೆನ್‌ಡ್ರೈವ್ ಸಿಕ್ಕಿಸಿ ಅದೇ ಆಜ್ಞೆಯನ್ನು ಮತ್ತೆ ಕೊಡಿ. ಹೊಸದಾಗಿ ಕಾಣಿಸಿಕೊಂಡ ಸಂಖ್ಯೆಯೇ ನಿಮ್ಮದು. ಗಾತ್ರವನ್ನೂ ತಾಳೆ ನೋಡಿ: 32 ಜಿಬಿಯದು ಸುಮಾರು 29 ಎಂದು ತೋರುತ್ತದೆ, ಗಾಬರಿ ಬೇಡ. ಆ ಸಂಖ್ಯೆ 2 ಆಗಿದ್ದರೆ 'ಸೆಲೆಕ್ಟ್ ಡಿಸ್ಕ್ 2' (select disk 2) ಎಂದು ಕೊಡಿ. ಮತ್ತೊಮ್ಮೆ 'ಲಿಸ್ಟ್ ಡಿಸ್ಕ್'. ಆಯ್ದ ಸಾಲಿನ ಮುಂದೆ ನಕ್ಷತ್ರ ಚಿಹ್ನೆ ಕಾಣುವವರೆಗೆ ಮುಂದಿನ ಕೀಲಿ ಒತ್ತಬೇಡಿ.

'ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ' (attributes disk clear readonly) ಬರೆಯುವ ತಡೆಯನ್ನು ತೆಗೆಯುತ್ತದೆ. 'ಕ್ಲೀನ್' (clean) ಹಳೆಯ ವಿಭಾಗಗಳನ್ನು ಅಳಿಸುತ್ತದೆ. 'ಕ್ಲೀನ್ ಆಲ್' ಎಂದು ಕೊಟ್ಟು ಗಂಟೆಗಟ್ಟಲೆ ಕಾಯುವವರಿದ್ದಾರೆ. ಈ ಕೆಲಸಕ್ಕೆ ಅದು ಬೇಕಿಲ್ಲ. ಕೊನೆಗೆ ಒಂದಾದ ಮೇಲೊಂದರಂತೆ 'ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ' (create partition primary), 'ಫಾರ್ಮ್ಯಾಟ್ ಎಫ್‌ಎಸ್=ಎಕ್ಸ್‌ಫ್ಯಾಟ್ ಕ್ವಿಕ್' (format fs=exfat quick), 'ಅಸೈನ್' (assign) ಕೊಡಿ. ಎಕ್ಸ್‌ಫ್ಯಾಟ್, ಫ್ಯಾಟ್32 ಎಂಬವು ಡ್ರೈವ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಬಗೆಗಳು. ನನ್ನ ಮತ ಎಕ್ಸ್‌ಫ್ಯಾಟ್‌ಗೇ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಹಳೆಯ ಟಿವಿ, ಕಾರ್ ಸ್ಟೀರಿಯೊಗಳು ಫ್ಯಾಟ್32 ಬಿಟ್ಟು ಬೇರೆಯದನ್ನು ಓದದಿದ್ದರೆ ಮಾತ್ರ ಅದಕ್ಕೆ ಮಣಿಯಿರಿ.

ಇಷ್ಟಾದರೂ ರೈಟ್ ಪ್ರೊಟೆಕ್ಟೆಡ್ (ಬರೆಯಲು ತಡೆಯಿದೆ) ಎಂದೇ ಬರುತ್ತಿದ್ದರೆ, ಬಹುಮಟ್ಟಿಗೆ ಸವೆದ ಚಿಪ್ ತಾನಾಗಿ ಬೀಗ ಹಾಕಿಕೊಂಡಿದೆ ಎಂದರ್ಥ. ನೋ ಮೀಡಿಯಾ, 0 ಬೈಟ್ ಎಂದು ತೋರಿಸಿದರೆ ಕಂಟ್ರೋಲರ್ (ಪೆನ್‌ಡ್ರೈವ್‌ನೊಳಗಿನ ನಿಯಂತ್ರಕ ಚಿಪ್) ಕೆಟ್ಟಿರುವುದೇ ಹೆಚ್ಚು. ಅಂತರ್ಜಾಲದಲ್ಲಿ ಸಿಗುವ 'ರಿಪೇರಿ ತಂತ್ರಾಂಶ'ಗಳನ್ನು ಒಂದರ ಮೇಲೊಂದು ಇಳಿಸಿಕೊಂಡರೆ ಪೆನ್‌ಡ್ರೈವ್ ಬದುಕುವುದಿಲ್ಲ, ಕಂಪ್ಯೂಟರಿಗೆ ವೈರಸ್ ಹತ್ತಬಹುದು. ಅಂಥ ಪೆನ್‌ಡ್ರೈವನ್ನು ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯಕ್ಕೆ ಹಾಕಿ.

ಫಾರ್ಮ್ಯಾಟ್ ಆದ ಡ್ರೈವನ್ನೂ ಕೂಡಲೇ ನಂಬಬೇಡಿ. ಅಗ್ಗದ 'ಭಾರೀ ಸಾಮರ್ಥ್ಯ'ದ ಪೆನ್‌ಡ್ರೈವ್‌ಗಳಲ್ಲಿ ಹೊರಗೆ ಬರೆದಷ್ಟು ಜಾಗ ಒಳಗೆ ಇರುವುದೇ ಇಲ್ಲ. ಎಚ್2ಟೆಸ್ಟ್‌ಡಬ್ಲ್ಯು (H2testw) ಎಂಬ ಉಚಿತ ತಂತ್ರಾಂಶ ಡ್ರೈವನ್ನು ಪೂರ್ತಿ ತುಂಬಿ, ತಿರುಗಿ ಓದಿ ನೋಡುತ್ತದೆ. ಒಂದೇ ಒಂದು ದೋಷ ಸಿಕ್ಕರೂ ಆ ಡ್ರೈವನ್ನು ನಾನು ಮತ್ತೆ ಬಳಸುವುದಿಲ್ಲ.