ನಾಲ್ಕು ಜನ, ನಾಲ್ಕು ಪಾಸು, ಬೆಲ್ಜಿಯಂನ ಐದು ಊರು

ಮೈಸೂರಿಂದ ಲೂವನ್‌ಗೆ ಓದೋಕೆ ಹೋದ ಮೇಲೆ ಅದು ನನ್ನ ಮೊದಲ ಡಿಸೆಂಬರ್. ಅಲ್ಲಿನ ಹುಡುಗರೆಲ್ಲ ರಜೆ ಅಂತ ಸೂಟ್‌ಕೇಸ್ ಎಳ್ಕೊಂಡು ಊರಿಗೆ ಹೋದ್ರು, ಹಾಸ್ಟೆಲ್‌ನಲ್ಲಿ ಉಳಿದಿದ್ದು ನಾವು ನಾಲ್ಕೇ ಜನ. ನಾನು, ಕೊಯಮತ್ತೂರಿನ ಒಬ್ಬ ಹುಡುಗ, ಕೊಲಂಬಿಯಾ ಹುಡುಗಿ, ಇಥಿಯೋಪಿಯಾ ಹುಡುಗಿ. ಅಲ್ಲೀತನಕ ಅಡುಗೆಮನೇಲಿ ಹಾಯ್ ಅನ್ನೋಷ್ಟೇ ಪರಿಚಯ.

ಊರೂರು ಸುತ್ತೋಣ ಅನ್ನೋ ಯೋಚನೆ ಬಂದಿದ್ದು ಟ್ರೈನ್ ಪಾಸಿಂದ. ಆಗ 26 ವರ್ಷದ ಒಳಗಿನೋರಿಗೆ ಗೋ ಪಾಸ್ ಟೆನ್ ಅಂತ ಇತ್ತು, ಹತ್ತು ಸಾಲಿನ ಕಾರ್ಡು, ಹತ್ತೋಕೆ ಮುಂಚೆ ತಾರೀಕು, ಎಲ್ಲಿಂದ ಎಲ್ಲಿಗೆ ಅಂತ ಪೆನ್ನಲ್ಲಿ ಬರೀಬೇಕು, ಒಬ್ಬರ ಒಂದು ಕಡೆ ಪ್ರಯಾಣಕ್ಕೆ ಒಂದು ಸಾಲು, ದೇಶದೊಳಗೆ ಎಷ್ಟು ದೂರ ಹೋದ್ರೂ ಅಷ್ಟೇ. ಒಂದೇ ಪಾಸನ್ನ ಹಂಚ್ಕೋಬಹುದಿತ್ತು. ನಾಲ್ಕು ಜನ ಹೋಗಿ ಬಂದ್ರೆ ಎಂಟು ಸಾಲು, ಎರಡು ಮಿಗುತ್ತೆ, ಅದನ್ನ ವೇಸ್ಟ್ ಮಾಡೋದ್ಯಾಕೆ ಅಂತ ಮತ್ತೊಂದು ಪಾಸು, ಮತ್ತೊಂದು ಊರು.

ಮೊದಲ ದಿನವೇ ಎಡವಟ್ಟು. ಲಿಯೇಜ್‌ಗೆ ಹೊರಟಿದ್ವಿ, ಪ್ಲಾಟ್‌ಫಾರ್ಮಲ್ಲಿ ನಿಂತಿದ್ದ ಟ್ರೈನಿನ ಬೋರ್ಡಲ್ಲಿ ಲೌಕ್ ಅಂತಿತ್ತು, ನಮ್ದಲ್ಲ ಅಂತ ಬಿಟ್ಬಿಟ್ವಿ. ಆಮೇಲೆ ಗೊತ್ತಾಯ್ತು, ಲಿಯೇಜ್‌ಗೆ ಡಚ್‌ನಲ್ಲಿ ಹೇಳೋದೇ ಲೌಕ್! ಲೂವನ್ ಇರೋದು ಡಚ್ ಸೀಮೇಲಿ, ಅಲ್ಲಿ ಬೋರ್ಡೂ ಡಚ್ಚೇ. ಟ್ರೈನು ಭಾಷೆಯ ಗಡಿ ದಾಟಿದ ತಕ್ಷಣ ಅನೌನ್ಸ್‌ಮೆಂಟು ಫ್ರೆಂಚ್‌ಗೆ ತಿರುಗುತ್ತೆ. ಮುಂದಿನ ಟ್ರೈನಿಗೆ ಚಳೀಲಿ ಕಾಯ್ತಾ ನಾನು ಬೆಳಗಾವಿ ಕತೆ ಹೇಳ್ದೆ. ಕೊಯಮತ್ತೂರಿನೋನು ಲೂವನ್ ಯೂನಿವರ್ಸಿಟಿ ಕತೆ ತೆಗೆದ. 1425ರಲ್ಲಿ ಶುರುವಾದ ಯೂನಿವರ್ಸಿಟಿ, 1968ರಲ್ಲಿ ಭಾಷೆ ಜಗಳಕ್ಕೆ ಸರ್ಕಾರ ಬಿದ್ದು ಎರಡಾಯ್ತು, ಫ್ರೆಂಚ್ ಭಾಗಕ್ಕೆ ಬೇರೆ ಊರನ್ನೇ ಕಟ್ಟಿದ್ರು, ಲೈಬ್ರರಿ ಪುಸ್ತಕಗಳನ್ನೂ ಪಾಲು ಮಾಡ್ಕೊಂಡ್ರು. ಇಥಿಯೋಪಿಯಾದವಳು ಅವರ ದೇಶದ ಭಾಷೆಗಳ ಬಗ್ಗೆ ಹೇಳೋಕೆ ಶುರು ಮಾಡಿದ್ಳು, ಲಿಯೇಜ್ ಬಂದ್ರೂ ಮುಗೀಲಿಲ್ಲ. ನಾವು ನಿಜವಾಗಿ ಫ್ರೆಂಡ್ಸ್ ಆಗಿದ್ದು ಆ ಪ್ಲಾಟ್‌ಫಾರ್ಮಲ್ಲೇ.

ಅಲ್ಲಿ ಡಿಸೆಂಬರ್‌ನಲ್ಲಿ ಬೆಳಕಾಗೋದು ಎಂಟೂವರೆ ದಾಟಿದ ಮೇಲೆ, ಐದರೊಳಗೆ ಕತ್ತಲು. ಅದಕ್ಕೆ ಕತ್ತಲಲ್ಲೇ ಹೊರಡ್ತಿದ್ವಿ, ಎತ್ತರ ಹತ್ತೋದು, ಕಾಲುವೆ ಪಕ್ಕ ಅಡ್ಡಾಡೋದು ಎಲ್ಲ ಮಧ್ಯಾಹ್ನದೊಳಗೆ ಮುಗಿಸಿ, ಮ್ಯೂಸಿಯಂ, ಕೆಫೆ ಎಲ್ಲ ಆಮೇಲೆ ಇಟ್ಕೊಳ್ತಿದ್ವಿ. ಒಳಗೆ ಬೆಚ್ಚಗಿರೋ ಥರ್ಮಲ್ ಬಟ್ಟೆ ಹಾಕ್ಕೊಳ್ಳಿ, ಅದಕ್ಕಿಂತ ಮುಖ್ಯ ನೀರು ಇಳಿಯದ ಶೂ. ಅಲ್ಲಿನ ಚಳಿ ಒದ್ದೆ ಚಳಿ, ಕಾಲು ನೆಂದ್ರೆ ದಿನವೇ ಹೋಯ್ತು.

ಗೆಂಟ್‌ನಲ್ಲಿ ಆಲೂಗಡ್ಡೆ ಫ್ರೈಸ್ ತಗೊಳ್ಳೋಕೆ ಕ್ಯೂನಲ್ಲಿ ನಿಂತಿದ್ದೆ, ಕೊಲಂಬಿಯಾದವಳು ನಾನು ಸಸ್ಯಾಹಾರಿ ಅಂತ ನೆನಪಿಟ್ಟು ತಾನೇ ಮುಂದೆ ಹೋಗಿ ಯಾವ ಎಣ್ಣೆ ಅಂತ ಕೇಳಿದ್ಳು. ದನದ ಕೊಬ್ಬು! ಅಲ್ಲಿ ಸಾಂಪ್ರದಾಯಿಕವಾಗಿ ಅದರಲ್ಲೇ ಎರಡು ಸಲ ಕರೀತಾರೆ, ಕೆಲವು ಅಂಗಡೀಲಿ ಮಾತ್ರ ಸಸ್ಯದ ಎಣ್ಣೆ. ಹಾಗಾಗಿ ಸಸ್ಯಾಹಾರಿಗಳು ದಯವಿಟ್ಟು ಕೇಳಿಯೇ ತಿನ್ನಿ. ಗೆಂಟ್‌ನಲ್ಲಿ ಬೇರೆ ಊಟಕ್ಕೆ ತೊಂದ್ರೆ ಇಲ್ಲ, 2009ರಿಂದ ಗುರುವಾರ ಮಾಂಸ ಬೇಡ ಅನ್ನೋ ಅಭಿಯಾನ ನಡೆಸ್ತಿರೋ ಊರದು.

ಬ್ರೂಜ್‌ನ ಗಂಟೆ ಗೋಪುರಕ್ಕೆ 366 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ನಂಗೆ ಇದೇನು ಅನ್ಕೊಂಡಿದ್ದೆ, ಆದ್ರೆ ಮೇಲೆ ಹೋದಷ್ಟೂ ಕಿರಿದಾಗೋ ಸುರುಳಿ, ಇಳಿಯೋರು ಎದುರು ಬಂದ್ರೆ ಗೋಡೆಗೆ ಅಂಟ್ಕೊಂಡು ನಿಲ್ಬೇಕು. ತುದೀಲಿ 47 ಗಂಟೆಗಳಿದಾವೆ, ನಾವು ಮೇಲಿದ್ದಾಗಲೇ ಬಾರಿಸೋಕೆ ಶುರುವಾಯ್ತು, ಎದೆ ಒಳಗೇ ಬಡಿದ ಹಾಗೆ, ನಾಲ್ಕೂ ಜನ ಮಾತಿಲ್ಲದೆ ನಿಂತ್ವಿ.

ಆಂಟ್ವರ್ಪ್‌ನಲ್ಲಿ ನಂಗೆ ಊರಿಗಿಂತ ಸ್ಟೇಷನ್ನೇ ಇಷ್ಟ ಆಯ್ತು, 1905ರದ್ದು, ಅರಮನೆ ಇದ್ದಂಗಿದೆ. ಕೊನೆಗೆ ಬ್ರಸೆಲ್ಸ್, ಗ್ರ್ಯಾಂಡ್ ಪ್ಲಾಸ್ ಅನ್ನೋ ಚೌಕದ ದೀಪದ ಶೋ ನೋಡ್ಕೊಂಡು ವಾಪಸ್ ಸ್ಟೇಷನ್‌ಗೆ ಬಂದಾಗ ನಾಲ್ಕನೇ ಪಾಸಲ್ಲಿ ಉಳಿದಿದ್ದು ನಾಲ್ಕೇ ಸಾಲು. ಒಬ್ಬೊಬ್ರು ಒಂದೊಂದು ಬರೆದ್ವಿ. ಕೊನೇ ಸಾಲು ಇಥಿಯೋಪಿಯಾದವಳದ್ದು, ಬೆರಳು ಮರಗಟ್ಟಿ ಅಕ್ಷರ ಸೊಟ್ಟಗಾಗಿದೆ. ಆ ಪಾಸು ಈಗ್ಲೂ ನನ್ನ ಪರ್ಸಲ್ಲಿದೆ.